ಬಾವಿಯ ನೀರು ಮತ್ತು ಅಣ್ಣನ ಹೊಲ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಇಂದು ನಮ್ಮ ಆಸ್ಪತ್ರೆಯಿಂದ ನಿವೃತ್ತರಾಗುತ್ತಿರುವ ಮಕ್ಕಳ ಡಾಕ್ಟರಮ್ಮನವರೇ, ದಾದಿಯರೇ, ಫ್ಯಾನಿನ ಕೆಳಗೆ ಜಾಗ ಸಿಗದಿದ್ದರೂ ಎದ್ದು ಹೋಗದ ಸಭಿಕರೇ,

ನಾನು ಬಸ್ಸು ಓಡಿಸಿ ಬದುಕಿದವನು, ಮೈಕು ಹಿಡಿದವನಲ್ಲ. ದಾರಿ ತಪ್ಪಿದರೆ ದಯವಿಟ್ಟು ಶಿಳ್ಳೆ ಹೊಡೆಯಿರಿ.

ನನ್ನ ಮೊಮ್ಮಗಳು ಹಸುಗೂಸಾಗಿದ್ದಾಗ ಅವಳ ತುಟಿ, ಉಗುರು ನೀಲಿಗಟ್ಟಿದವು. ಎದೆಹಾಲು ಸಾಲದೆ ಸೊಸೆ ಡಬ್ಬಿಯ ಹಾಲುಪುಡಿ ಕಲಸಿ ಕುಡಿಸುತ್ತಿದ್ದಳು. ಮಗುವನ್ನು ಎತ್ತಿಕೊಂಡು ಇಲ್ಲಿಗೇ ಓಡಿ ಬಂದೆವು. ಡಾಕ್ಟರಮ್ಮ ಕೇಳಿದರು: "ಹಾಲುಪುಡಿ ಯಾವ ನೀರಲ್ಲಿ ಕಲಸ್ತೀಯಮ್ಮ?"

"ಬಾವಿ ನೀರು ಮೇಡಂ. ಚೆನ್ನಾಗಿ ಕುದಿಸೇ ಕೊಡ್ತೀನಿ," ಎಂದು ಸೊಸೆ ಅತ್ತಳು.

"ಅಳಬೇಡ, ನಿನ್ನ ತಪ್ಪಲ್ಲ. ಕುದಿಸಿದ್ರೆ ಕ್ರಿಮಿ ಸಾಯುತ್ತೆ, ನೀರಲ್ಲಿ ಸೇರಿರೋ ನೈಟ್ರೇಟ್ ಹೋಗಲ್ಲ. ಅದು ಕೂಸಿನ ರಕ್ತಕ್ಕೆ ಆಮ್ಲಜನಕ ಹೊರೋಕೆ ಬಿಡಲ್ಲ, ಅದಕ್ಕೇ ಮೈ ನೀಲಿಯಾಗಿದೆ."

ನೀಲಿ ಬಣ್ಣದ ಔಷಧಿಯನ್ನೇ ನರಕ್ಕೆ ಕೊಟ್ಟರು. ನೀಲಿಯಾಗಿದ್ದ ಮಗು ಕೆಂಪಗಾಯಿತು! ಇಂಥ ವಿಚಿತ್ರ ಯಾರಾದರೂ ಕಂಡಿದ್ದೀರಾ?

ಆ ನೈಟ್ರೇಟ್ ಎಲ್ಲಿಂದ ಬಂತು? ಬಾವಿಯ ಸುತ್ತ ಇರುವುದು ನನ್ನ ಅಣ್ಣನ ಹೊಲ. ಬೆಳೆಗೆ ಬೇಕಾದ್ದಕ್ಕಿಂತ ಹೆಚ್ಚು ಯೂರಿಯಾ ಸುರಿದರೆ, ಉಳಿದ ಸಾರಜನಕ ನೈಟ್ರೇಟ್ ಆಗಿ ಮಣ್ಣಿಗಿಳಿದು ಬಾವಿ ಸೇರುತ್ತದೆ, ಮಳೆಗೆ ಹರಿದು ಕೆರೆ ಸೇರುತ್ತದೆ. ಕೆರೆ ಪಾಚಿಗಟ್ಟಿ, ಉಸಿರು ಸಿಗದೆ ಮೀನು ಸತ್ತು ತೇಲಿದ್ದನ್ನು ನಾವೆಲ್ಲ ನೋಡಿದ್ದೆವು. ನೋಡಿ ಮೂಗು ಮುಚ್ಚಿಕೊಂಡೆವು, ಅಷ್ಟೇ.

ಅಣ್ಣನಿಗೆ ಹೇಳಿದೆ. "ಮಗೂಗೆ ನಾನು ವಿಷ ಹಾಕ್ದೆ ಅಂತೀಯೇನೋ?" ಎಂದ. ಅಂದಿನಿಂದ ಮಾತಿಲ್ಲ. ಟ್ರ್ಯಾಕ್ಟರಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ನನಗೆ ಸ್ಟೀರಿಂಗ್ ಹಿಡಿಯಲು ಕಲಿಸಿದವನು ಅವನು... ಇರಲಿ, ಅದಕ್ಕೂ ಇಲ್ಲಿಗೂ ಸಂಬಂಧವಿಲ್ಲ.

ಡಾಕ್ಟರಮ್ಮನವರೇ ಅವನ ಮನೆಗೆ ಹೋದರು. ತಪ್ಪು ಹೊರಿಸಲಿಲ್ಲ. "ಮಣ್ಣು ಪರೀಕ್ಷೆ ಮಾಡಿಸಿ ಯಜಮಾನ್ರೇ, ಅದು ಕೇಳಿದಷ್ಟೇ ಗೊಬ್ಬರ ಹಾಕಿ," ಎಂದರಂತೆ. ಮುಂದಿನ ಬೆಳೆಗೆ ಅಣ್ಣ ಗೊಬ್ಬರ ಅರ್ಧಕ್ಕಿಳಿಸಿದ. ಇಳುವರಿ ಇಳಿಯಲಿಲ್ಲ. ಬಾವಿಯ ನೀರು ಮಾತ್ರ ಇನ್ನೂ ಕುಡಿಯುವಂತಾಗಿಲ್ಲ. ಒಳಗಿಳಿದದ್ದು ಬೇಗ ಬಿಡುವುದಿಲ್ಲ. ಅದಕ್ಕೇ, ದೂರದ ನಲ್ಲಿಯಿಂದ ನಮ್ಮ ಮನೆಗೆ ಬರುವ ಪೈಪಿಗೆ ಅಣ್ಣ ತನ್ನ ಹೊಲದ ಬೆಳೆಯ ನಡುವೆಯೇ ದಾರಿ ಬಿಟ್ಟ. ನನಗೊಂದು ಮಾತೂ ಹೇಳದೆ.

ಈಗ ಮೊಮ್ಮಗಳು ಅವನ ಕೈ ಹಿಡಿದು ಎಳೆದು ತಂದಿದ್ದಾಳೆ. ಬಾಗಿಲಲ್ಲೇ ನಿಂತಿದ್ದಾನೆ, ನೋಡಿ. ಅಣ್ಣಾ, ಯಾಕೆ ಅಲ್ಲೇ ನಿಂತೆ? ಒಳಗೆ ಬಾ, ನನ್ನ ಕುರ್ಚೀಲಿ ಕೂತ್ಕೋ.

ಡಾಕ್ಟರಮ್ಮ, ನಿಮಗೆ ನಮ್ಮ ಮನೆಯ ಪರವಾಗಿ... ಅಲ್ಲ, ನಮ್ಮ ಎರಡೂ ಮನೆಗಳ ಪರವಾಗಿ ಕೃತಜ್ಞತೆಗಳು. ಎಲ್ಲರಿಗೂ ನಮಸ್ಕಾರ.