ಗುರುವಾರ ನಾಲ್ಕು ಗಂಟೆ

ಚಿತ್ತಾಪುರದ ಬಸ್ ನಿಲ್ದಾಣದಲ್ಲಿ ವಾಡಿ ಬಸ್ಸಿಗೆ ಕಾಯುತ್ತಿದ್ದ ಶಾಲೆಯ ಟೀಚರ್ ಭುವನೇಶ್ವರಿಯ ಪಕ್ಕದಲ್ಲೇ ಇಬ್ಬರು ಹೆಂಗಸರು ಕೂತಿದ್ದರು. ಕೇಳಬಾರದೆಂದುಕೊಂಡರೂ ಅವರ ಮಾತು ಅವಳ ಕಿವಿಗೆ ಬೀಳುತ್ತಿತ್ತು.

“ಅನಸಕ್ಕಾ, ಚೀಲ ಖಾಲೀನೇ ಅದಲ್ಲ? ಸಂತಿ ಮಾಡ್ಲಿಲ್ಲೇನು?”

“ಸಂತಿಗಿ ಬಂದಿಲ್ಲ ಕರುಣಾ. ಪ್ರತಿ ಗುರುವಾರ ನಾಕಕ್ಕ ಕಲಬುರಗಿಯಿಂದ ಮನಸಿನ ಡಾಕ್ಟರಮ್ಮ ನಮ್ಮ ಮನಿಯವರ ಸಂಗಟ ಫೋನ್ನಾಗ ಮಾತಾಡ್ತಾಳ.”

“ಮತ್ತ ನೀ ಇಲ್ಲಿ ಕುಂತಿದಿ?”

“ಮನ್ಯಾಗ ಇರೋದು ಒಂದೇ ಖೋಲಿ. ನಾ ಎದುರಿಗಿದ್ರ ಬಾಯೇ ಬಿಡಂಗಿಲ್ಲ. ಫರ್ಸಿ ಕಲ್ಲಿನ ಖಣ್ಯಾಗ ಸಂಗಟ ಕೆಲಸ ಮಾಡಾಂವ ಕಣ್ಣ ಮುಂದೇ ಸತ್ತ. ಆವತ್ತಿಂದ ಹಂಗೇ ಇದ್ದಾರ. ನೀರು ಬೇಕಂತನೂ ಕೇಳಂಗಿಲ್ಲ, ಕೊಟ್ರ ಕುಡೀತಾರ.”

“ಡಾಕ್ಟರಮ್ಮನ ಸಂಗಟ ಮಾತಾಡ್ತಾರೇನು?”

“ಯಾರಿಗಿ ಗೊತ್ತು? ನಾ ಕೇಳಿಲ್ಲ. ಮಾತು ಮುಗದಮ್ಯಾಗ ಅವರೇ ಒಂದು ಮಿಸ್ ಕಾಲ್ ಕೊಡ್ತಾರ. ಆಮ್ಯಾಗೇ ನಾ ಬಸ್ ಹತ್ತೋದು.”

ವಾಡಿ ಬಸ್ಸು ಬಂದು ನಿಂತಿತು. ಅಷ್ಟರಲ್ಲಿ ಅನಸುಬಾಯಿಯ ಫೋನು ರಿಂಗಾಯಿತು.

“ಬಂತು ನೋಡು ಮಿಸ್ ಕಾಲ್. ನಡಿ,” ಎಂದು ಅವಳು ಎದ್ದಳು.

ಆದರೆ ಫೋನು ನಿಲ್ಲಲಿಲ್ಲ, ಬಡಿದುಕೊಳ್ಳುತ್ತಲೇ ಇತ್ತು. ಅನಸುಬಾಯಿ ಗಾಬರಿಯಿಂದಲೇ ಕಿವಿಗೆ ಇಟ್ಟುಕೊಂಡಳು.

“ಹಾಂ... ಹಾಂ... ಆಯ್ತು, ತರ್ತೀನಿ.”

“ಏನಂತಕ್ಕ? ಏನಾಯ್ತು?”

“ಬದನಿಕಾಯಿ ಬೇಕಂತ.”

ಕರುಣಾ ಬಸ್ಸನ್ನೊಮ್ಮೆ ನೋಡಿದಳು. “ಹೋದ್ರ ಹೋಗ್ಲಿ ಬಿಡು. ನಾನೂ ಬರ್ತೀನಿ, ನಡಿ.”

ಇಬ್ಬರೂ ಬಜಾರಿನ ಕಡೆ ಹೊರಟರು. ಬಸ್ಸು ಹತ್ತುತ್ತಿದ್ದ ಭುವನೇಶ್ವರಿಗೆ ಅನಸುಬಾಯಿಯ ದನಿ ದೂರದಿಂದ ಕೇಳಿಸಿತು.

“ಸಣ್ಣವೇ ನೋಡಿ ಆರಸ್ಬೇಕವ್ವ. ದೊಡ್ಡವು ತಂದ್ರ ಉಣ್ಣಂಗಿಲ್ಲಂತ!”