ಸಾಹುಕಾರ ತಂದ ರೊಟ್ಟಿ ಮಷೀನು

ನೋಡಿ, ಒಂದೂರಿನ ಸಾಹುಕಾರನ ಕಥೆ ಹೇಳುತ್ತೇನೆ. ಅವನಿಗೆ ದುಡ್ಡು ಬೇಕಾದಷ್ಟಿತ್ತು, ಅದಕ್ಕಿಂತ ಹೆಚ್ಚು ಮಷೀನಿನ ಹುಚ್ಚಿತ್ತು. ಎಮ್ಮೆ ಮೈ ತೊಳೆಯೋಕೆ ಮಷೀನು, ಬೆನ್ನು ಕೆರೆಯೋಕೆ ಮಷೀನು. ಸೀನು ಬಂದರೂ ಸ್ವಿಚ್ ಹುಡುಕುವವನು!

ಆ ಊರ ಶಾಲೆಗೆ ಬಿಸಿಯೂಟ ಮಾಡೋಕೆ ಹುಲಿಗೆವ್ವ ಎಂಬಾಕೆ ಬಂದಳು. ಅಡುಗೆ ಬಲು ರುಚಿ. ಆದರೆ ಆಕೆಯ ಕೇರಿ ಊರಾಚೆಯದು. ಮರುದಿನದಿಂದ ಒಂದು ಮಗುವೂ ಉಣ್ಣಲಿಲ್ಲ. ಮಕ್ಕಳಿಗೇನು ಗೊತ್ತು ಪಾಪ, ಹಿರಿಯರದೇ ಕಟ್ಟಪ್ಪಣೆ: "ಆಕಿ ಕೈಯಾಗಿಂದು ಉಣಿಸಿದ್ರ ಮಕ್ಕಳನ್ನ ಸಾಲಿ ಬಿಡಿಸ್ತೀವಿ!"

ಹೆಡ್ ಮೇಡಂ ಹುಲಿಗೆವ್ವನನ್ನು ಕರೆದರು. "ಮಕ್ಕಳು ಉಣ್ಣದಿದ್ರ ನಿನ್ನ ಕೆಲಸ ಉಳಿಯೂದಿಲ್ಲವ್ವಾ." ಗಂಡನಿಲ್ಲದಾಕೆ, ಇಬ್ಬರು ಹೆಣ್ಣುಮಕ್ಕಳು. ಎಲ್ಲಿಗೆ ಹೋಗಬೇಕು, ಹೇಳಿ?

ಸಾಹುಕಾರ ಎದೆ ತಟ್ಟಿಕೊಂಡ. "ಮಷೀನ್ ತರ್ತೀನಿ! ಹಿಟ್ಟು ಇತ್ಲಾಗ ಹಾಕೂದು, ರೊಟ್ಟಿ ಅತ್ಲಾಗ ಬರೂದು. ಯಾರ ಕೈಯೂ ತಾಕೂದಿಲ್ಲ. ಹುಲಿಗೆವ್ವ ಬರೇ ಗುಂಡಿ ಒತ್ತಲಿ." ಊರು ಒಪ್ಪಿತು. ಗುಂಡಿ ಒತ್ತಿದರೆ ಮೈಲಿಗೆ ಇಲ್ಲವಂತೆ!

ಮಷೀನು ಬಂತು. ಅದರ ಸದ್ದಿಗೆ ಮೂರೂರಿನ ಕೋಳಿಗಳು ಒಟ್ಟಿಗೇ ಮೊಟ್ಟೆ ಇಟ್ಟವು. ಅವುಗಳಲ್ಲಿ ಒಂದು ಹುಂಜವೂ ಇತ್ತು! ಆದರೆ ಬಂದದ್ದು ಗೋಧಿ ಚಪಾತಿಯ ಮಷೀನು. ಜೋಳದ ಹಿಟ್ಟಿಗೆ ಆ ಅಂಟೆಲ್ಲಿದೆ? ಮೊದಲ ರೊಟ್ಟಿ ಚೂರುಚೂರಾಗಿ ಹಾರಿ ಹುಲಿಗೆವ್ವನ ತುರುಬಿನಲ್ಲಿ ಕೂತಿತು. ಆಕೆ ಏನು ಮಾಡಿದಳು? ಅಡುಗೆ ಕೋಣೆಯ ಬಾಗಿಲು ಹಾಕಿದಳು, ಮಷೀನನ್ನು ಬರಿದೇ ಓಡಲು ಬಿಟ್ಟಳು, ಅದರ ಹಿಂದೆ ಕೂತು ಕೈಯಲ್ಲೇ ಬಡಿದಳು. ಆ ಗದ್ದಲದಲ್ಲಿ ಟಪಟಪ ಯಾರಿಗೆ ಕೇಳಬೇಕು?

ಮಕ್ಕಳು ಉಂಡವು. ರುಚಿ ನೋಡೋಕೆ ಅಂತ ದೊಡ್ಡವರೂ ಬಂದು ಸಾಲಿನಲ್ಲಿ ಕೂತರು.

"ಏನ್ ಪದರ ಎದ್ದಾವಪಾ! ನಿನ್ನ ಹೆಂಡ್ತಿಗೂ ಬರೂದಿಲ್ಲ ಇಂಥಾವು."

"ಮೆಲ್ಲಕ ಮಾತಾಡಲೇ, ಆಕಿ ನನ್ನ ಹಿಂದ ಕುಂತಾಳ!"

ಮೂರು ತಿಂಗಳಾದ ಮೇಲೆ ಸಾಹುಕಾರನ ತಾಯಿಯೂ ಮಗನ ಜೊತೆ ಉಣ್ಣೋಕೆ ಬಂದಳು. ಎಪ್ಪತ್ತು ವರ್ಷ ರೊಟ್ಟಿ ಬಡಿದ ಮುದುಕಿ. ಎರಡು ತಿಂದು, ಮೂರನೆಯದನ್ನು ಬೆಳಕಿಗೆ ಹಿಡಿದಳು. "ತಮ್ಮಾ, ನಿನ್ನ ಮಷೀನಿಗೆ ಬೆರಳು ಅದಾವೇನೋ?"

ಎದ್ದು ಹೋಗಿ ಬಾಗಿಲು ದೂಡಿದಳು. ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡು ಹುಲಿಗೆವ್ವ ಕೂತಲ್ಲೇ ಕೈ ಮುಗಿದಳು. "ಯವ್ವಾ, ನನ್ನ ಹೊಟ್ಟಿ ಮ್ಯಾಲೆ ಹೊಡೀಬ್ಯಾಡ್ರಿ."

ಊರೇ ಎದ್ದು ನಿಂತಿತು. ಒಬ್ಬ ಗಂಟಲಿಗೆ ಬೆರಳು ಹಾಕಿದ. ಮುದುಕಿ ಗದರಿದಳು: "ಹೊರಗ ತಗೀತಿಯಾ? ತಗಿ! ಮೂರು ತಿಂಗಳದ್ದೂ ತಗಿ, ನೋಡೂಣು!" ಅವನು ಮೆಲ್ಲಗೆ ಬೆರಳನ್ನೇ ತೆಗೆದ. ಮುದುಕಿ ಮಷೀನು ಆರಿಸಿದಳು, ಹುಲಿಗೆವ್ವನ ಮುಂದೆ ತಟ್ಟೆ ಹಿಡಿದು ಕೂತಳು. "ಬಿಸೀದು ಒಂದು ಹಾಕವ್ವಾ."

ಮೊದಲು ಮಕ್ಕಳು ಕೂತವು, ಆಮೇಲೆ ಸಾಹುಕಾರ. ಎರಡು ಮನೆಯವರು ಬಿರಬಿರನೆ ಹೊರಟುಹೋದರು. ಒಂದು ವಾರ ತಡೆದುಕೊಂಡರು ನೋಡಿ, ಆಮೇಲೆ ಅವರೂ ಬಂದರು. ಹುಲಿಗೆವ್ವನ ಕೆಲಸ ಉಳಿಯಿತು.

ನಗುತ್ತಿದ್ದೀರಿ. ನಗಿ, ನಗಿ. ಈಗ ಹೇಳಿ, ನಿಮ್ಮ ಮನೆಗೆಲಸದಾಕೆಗೆ ಚಹಾ ಯಾವ ಲೋಟದಲ್ಲಿ ಕೊಡುತ್ತೀರಿ? ಆ ಲೋಟ ಎಲ್ಲಿದೆ? ಹಿತ್ತಲ ಕಿಟಕಿಯಲ್ಲಿ! ನನಗೆ ಹೇಗೆ ಗೊತ್ತು? ನಮ್ಮಲ್ಲೂ ಒಂದಿತ್ತು, ಅದಕ್ಕೇ ಗೊತ್ತು. ಆಕೆ ತನ್ನ ಮನೆಗೆ ಕರೆದರೆ ಹೋಗಿ ಉಣ್ಣಿ. ಯಾರು ಬಡಿದದ್ದು ಅಂತ ಕೇಳಬೇಡಿ, ಇನ್ನೊಂದು ಹಾಕು ಅಂತ ಕೇಳಿ. ಇವತ್ತು ಮನೆಗೆ ಹೋದ ಕೂಡಲೇ ಆ ಲೋಟ ಒಳಗೆ ತನ್ನಿ. ನಿಮ್ಮ ಲೋಟಗಳ ಜೊತೆಗೇ ತೊಳೆದು ಬೋರಲು ಹಾಕಿ. ನಾಳೆ ಬೆಳಿಗ್ಗೆ ಚಹಾ ಸುರಿಯುವಾಗ, ಯಾವುದು ಯಾರ ಲೋಟ ಅಂತ ನಿಮಗೇ ಗೊತ್ತಾಗಬಾರದು.