ಮೂಲ ಧಾಟಿ ಬಿಟ್ಟವಳು

ಹಲೋ... ಯಾರ್ರಿ ಮಾತಾಡೋದು?... ಹಾಂ? ಪ್ರವೀಣಕುಮಾರನಾ? ಹೊಸಾ ನಂಬರ್ ಐತಲ್ಲ, ಗುರ್ತ ಹತ್ತಲಿಲ್ಲ.

ಹನುಮಸಾಗರದ ಶಿವಲಿಂಗಮ್ಮ ತತ್ವಪದ ಹಾಡುವವಳು. ಪ್ರವೀಣಕುಮಾರ ಅವಳ ಬಳಿ ಎಂಟು ವರ್ಷ ಕಲಿತು ಈಗ ಕೊಪ್ಪಳದಲ್ಲಿ ಸಂಗೀತದ ಮಾಸ್ತರನಾಗಿದ್ದ. ಅವನ ದನಿ ಕೇಳಿದ್ದೇ ತಡ, ಅವಳ ಮೈಯೆಲ್ಲ ಉರಿಯಿತು.

...ಹೂಂ, ಪತ್ರ ಬಂತು. ‘ಇವರು ಮೂಲ ಧಾಟಿ ಬಿಟ್ಟು ಹಾಡುತ್ತಾರೆ, ಈ ಸಲದ ಪುಣ್ಯತಿಥಿಗೆ ಆಯ್ಕೆ ಇಲ್ಲ.’ ಕೆಳಗ ಆಯ್ಕೆ ಸಮಿತಿ ಅಂತ ಸಹಿ ನಿಂದ ಹೌದಲ್ಲೋ?

...ನಿಯಮಾನಾ? ನಮ್ಮ ಗುರು ಕರಿಬಸಪ್ಪಜ್ಜನ ಪುಣ್ಯತಿಥಿಗೆ ಮೂವತ್ತು ವರ್ಷ ನಾನ ಹಾಡೀನಿ. ಅಜ್ಜನ ಗದ್ದಗಿ ಮುಂದ ನೀ ಹಾಡಬ್ಯಾಡ ಅನ್ನಾಕ ನೀ ಯಾವಾಂವೋ?

...ಯಾವ ಪುಸ್ತಕ? ನೀ ಬರದದ್ದಾ?... ಹಾಂ, ನನ್ನ ಪಡಸಾಲ್ಯಾಗ ಕುಂತು ನನ್ನ ಹಾಡು ಮೊಬೈಲಿನಾಗ ಹಿಡಕೊಂಡಿದ್ದಿಯಲ್ಲ, ಅದನ್ನ ಕೇಳಿ ಬರದೀಯಾ? ಆ ಒಂದ ದಿನದ್ದು?

ಪಲ್ಲವಿಯನ್ನು ಗುರು ಹೇಳಿಕೊಟ್ಟಂತೆಯೇ ಹಾಡಬೇಕು. ನುಡಿಗೆ ಬಂದಾಗ ದನಿಯ ಸುತ್ತುಗಳನ್ನು ಆ ಹೊತ್ತಿಗೆ ಹೊಳೆದಂತೆ ಕಟ್ಟಬೇಕು. ಕರಿಬಸಪ್ಪಜ್ಜನ ಪಾಠವೇ ಅದು. ನಿನ್ನೆಯ ಸುತ್ತನ್ನೇ ಇವತ್ತು ಹಾಕಿದರೆ ಅಜ್ಜ ತಂಬೂರಿ ಕೆಳಗಿಟ್ಟು ಎದ್ದು ಹೋಗುತ್ತಿದ್ದ. ಇದನ್ನು ಅವಳು ಪ್ರವೀಣನಿಗೆ ಹೇಳಿದ್ದು ಒಂದು ಸಲವೇ, ಎರಡು ಸಲವೇ!

ನಿನಗ ಗೊತ್ತಿತ್ತು, ಹೌದಲ್ಲೋ?... ಗೊತ್ತಿದ್ದೂ ಯಾಕ ಹಂಗ ಬರದಿ?... ಪರೀಕ್ಷಾಕ್ಕ ನಿನ್ನ ಹುಡುಗರೆಲ್ಲಾ ಒಂದ ನಮೂನಿ ಹಾಡಬೇಕಾ? ಛಲೋ ಆತು ಬಿಡು.

...ಏನಂದಿ? ಮತ್ತೊಮ್ಮೆ ಬಂದು ಪುಸ್ತಕದಾಗ ಇದ್ದಂಗ ಹಾಡ್ಲಾ? ಹಾಡಿದ್ರ ಹೆಸರು ಸೇರಸ್ತೀಯಾ?... ಎರಡನೇ ನುಡಿ ನಡುವ ಒಂಚೂರು ತಡದು, ಆಮ್ಯಾಲೆ ಏರಬೇಕಾ? ಅದು ಮೂಲಾನಾ?

ಅವಳಿಗೆ ನಗು ಬಂತು. ನಗುತ್ತಲೇ ಕಣ್ಣು ತುಂಬಿಕೊಂಡವು.

ಪ್ರವೀಣಾ, ನೀ ಮೊಬೈಲಿನಾಗ ಹಿಡಕೊಂಡ ದಿನ ನನಗ ಜ್ವರ ಇತ್ತೋ. ಕೆಮ್ಮು ಒತ್ತಿಕೊಂಡು ಬಂತು, ಅದಕ್ಕ ಅಲ್ಲಿ ತಡದೆ. ನೀನ ಎದ್ದು ಹೋಗಿ ನೀರು ತಂದುಕೊಟ್ಟಿ!

...ನೆನಪೈತಿ ಹಂಗಾರ! ಎಷ್ಟು ಮಕ್ಕಳು ಕಲಿಯಾಕತ್ತಾವ ಇದನ್ನ?... ನಲವತ್ತಾ? ಅಷ್ಟೂ ಮಕ್ಕಳಿಗೆ ನನ್ನ ಕೆಮ್ಮು ಕಲಿಸಿ, ನಾ ಹಾಡಿದ್ದು ತಪ್ಪಂತ ಬರದೀಯಲ್ಲೋ!

...ಅವರ ಮುಂದ ನಿಂತು ಇದನ್ನ ಹೇಳ್ತೀಯಾ?... ಹಲೋ?... ಹೇಳ್ತೀಯೋ ಇಲ್ಲೋ?... ಹಲೋ...

ಲೈನು ತಾನಾಗಿ ಕಡಿದದ್ದಲ್ಲ, ಅವನೇ ಫೋನು ಇಟ್ಟದ್ದು ಎಂದು ಅವಳಿಗೆ ಗೊತ್ತಾಯಿತು.